ಹೊಸಿಲು ದಾಟಿದ ಜೋಕು

ಊರಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ಹಲ್ಲುಮೇಸ್ತ್ರಿ ಎದುರಾಡುತ್ತಿರಲಿಲ್ಲ. ಹೂಂ ಎನ್ನುತ್ತಿದ್ದ, ತನ್ನ ಕಪಾಟಿನ ಕಡೆ ಒಮ್ಮೆ ನೋಡುತ್ತಿದ್ದ, ಮತ್ತೆ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದ. ಆ ಕಪಾಟಿನ ತುಂಬ ಊರಿನವರ ಹಲ್ಲುಗಳಿದ್ದವು. ನಿಜವಾದ ಹಲ್ಲುಗಳಲ್ಲ, ಪ್ಲಾಸ್ಟರಿನ ಅಚ್ಚುಗಳು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಗಳ ಅಳತೆ ತೆಗೆದು ಕಳಿಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಒಣಗಿಸಿ, ಅದರ ಮೇಲೆ ಹಲ್ಲಿನ ಸೆಟ್ಟೋ ಕ್ಯಾಪೋ ಕಟ್ಟುತ್ತಿದ್ದ. ಮೇಸ್ತ್ರಿ ಎಂಬ ಬಿರುದು ಡಾಕ್ಟರು ಕೊಟ್ಟದ್ದು. "ಮನೆ ಕಟ್ಟೋನಿಗೆ ಮೇಸ್ತ್ರಿ ಅಂತಾರೆ, ಹಲ್ಲು ಕಟ್ಟೋನಿಗೆ ಯಾಕೆ ಅನ್ನಬಾರದು?" ಎಂದು ಅವರು ನಕ್ಕ ದಿನದಿಂದ ಅವನ ಸ್ವಂತ ಹೆಸರನ್ನು ಹೆಚ್ಚುಕಡಿಮೆ ಎಲ್ಲರೂ ಮರೆತಿದ್ದರು.

ಮೊದಲೆಲ್ಲ ಅವನ ಮೇಜಿಗೆ ಬರುತ್ತಿದ್ದದ್ದು ಮುದುಕರ ಬೊಚ್ಚುಬಾಯಿ, ಇಲ್ಲವೇ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಮಕ್ಕಳ ಬಾಯಿ. ಆಮೇಲೆ ಊರನ್ನಾಳಲು ಹಿರಿಯರು ಬಂದರು. ಯಾವ ಹಿರಿಯರು ಎಂದು ಕೇಳಬೇಡಿ, ನನಗೂ ಮನೆಮಠ ಇದೆ. ಹೆಸರು ಹಿಡಿದು ಮಾತಾಡುವುದು ಜನಕ್ಕೆ ತಪ್ಪಿಹೋಗಿ, ಹಿರಿಯರು ಎಂಬುದೇ ಅವರ ಹೆಸರಾಗಿತ್ತು. ಶಾಲೆ, ಅಂಗಡಿ, ಬಸ್ಸು, ಡಾಕ್ಟರ ಕೋಣೆ, ಎಲ್ಲಿ ಮೊಳೆ ಹೊಡೆಯಲು ಜಾಗವಿದೆಯೋ ಅಲ್ಲಿ ಅವರ ಪಟ. ಪಟದಲ್ಲಿ ಅವರು ತುಟಿ ಬಿಚ್ಚದೆ ನಗುತ್ತಿದ್ದರು. ಅವರು ಬಂದು ವರ್ಷ ತುಂಬುವುದರೊಳಗೆ ಮೇಸ್ತ್ರಿಯ ಮೇಜಿಗೆ ಬೇರೆ ಥರದ ಅಚ್ಚುಗಳು ಬರತೊಡಗಿದವು. ಇನ್ನೂ ಕಾಲೇಜು ಮುಗಿಸದ ಹುಡುಗಿಯ ದವಡೆ ಹಲ್ಲು ಅಜ್ಜಿಯ ಹಲ್ಲಿನಂತೆ ಸವೆದು ಚಪ್ಪಟೆಯಾಗಿರುತ್ತಿತ್ತು. ಬಸ್ ಡ್ರೈವರನ ಕೋರೆಹಲ್ಲು ಮೊಂಡಾಗಿರುತ್ತಿತ್ತು. ಹಗಲೆಲ್ಲ ಹಲ್ಲು ಕಿರಿದುಕೊಂಡು ಓಡಾಡುವ ಜನ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು.

ಇದಕ್ಕೆ ಡಾಕ್ಟರು ಬರೆದುಕೊಡುತ್ತಿದ್ದದ್ದು ನೈಟ್ ಗಾರ್ಡು. ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಗಾಜಿನ ಬಣ್ಣದ ತೊಡಿಗೆ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ತಿಂದುಹಾಕದಂತೆ ನಡುವೆ ಕೂರುತ್ತದೆ. "ಊರಿಗೆ ಎರಡು ಥರ ನೈಟ್ ಗಾರ್ಡು ಕಣ್ರೀ ಮೇಸ್ತ್ರಿ. ಬೀದೀಲಿ ನಿಲ್ಲೋದು ಅವರದು, ಬಾಯಲ್ಲಿ ಕೂರೋದು ನಮ್ಮದು" ಎಂದು ಡಾಕ್ಟರು ಒಂದು ಸಲ ಹೇಳಿದ್ದರು. ಹೇಳಿದ ಮರುಗಳಿಗೆ ಬಾಗಿಲ ಕಡೆ ನೋಡಿದ್ದರು. ಡಾಕ್ಟರಿಗೂ ಒಂದು ಗಾರ್ಡು ಮಾಡಿಕೊಟ್ಟವನು ಮೇಸ್ತ್ರಿಯೇ, ಆ ವಿಷಯ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಇನ್ನು ಜೋಕಿನ ವಿಷಯ. ಅದು ಹುಟ್ಟಿದ್ದು ಮೇಸ್ತ್ರಿಯ ಮನೆಯ ಊಟದ ಮೇಜಿನಲ್ಲಿ. ಅವನ ಹೆಂಡತಿಯ ತಮ್ಮ ನೀರಿನ ಇಲಾಖೆಯವನು, ಮನೆಮನೆಗೆ ಹೋಗಿ ಮೀಟರ್ ನೋಡುವುದು ಅವನ ಕೆಲಸ; ಮೇಸ್ತ್ರಿಯ ಮಗಳ ಬಾಯಲ್ಲಿ ಅವನು ಮೀಟರ್ ಮಾಮ. ಒಂಟಿ ಮನುಷ್ಯ, ರಜೆ ಬಂದರೆ ಅಕ್ಕನ ಮನೆಯಲ್ಲೇ ಊಟ. ಬಾಯಿ ಮುಚ್ಚಿಕೊಂಡು ಕೂರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಆ ದಿನ ತುತ್ತು ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಕೇಳಿದ:

"ಭಾವ, ನೀವು ಹಲ್ಲಿನ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋರು. ಹಿರಿಯರು ಪಟದಲ್ಲಿ ಯಾಕೆ ಬಾಯಿ ಮುಚ್ಕೊಂಡೇ ನಗ್ತಾರೆ, ಹೇಳಿ ನೋಡೋಣ."

ಮೇಸ್ತ್ರಿ ಯೋಚನೆಯನ್ನೂ ಮಾಡಲಿಲ್ಲ. "ಬಾಯಿ ತೆಗೆದ್ರೆ ಜನ ತಂತಮ್ಮ ಹಲ್ಲು ಗುರುತು ಹಿಡಿದುಬಿಡ್ತಾರಲ್ಲಪ್ಪಾ" ಎಂದ.

ಅಷ್ಟೇ ಜೋಕು. ಮೀಟರ್ ಮಾಮ ಮೇಜು ಗುದ್ದಿ ನಕ್ಕ. ಮಗಳಿಗೆ ನೀರು ನೆತ್ತಿಗೆ ಹತ್ತಿತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮೈ ಕುಲುಕುವಂತೆ ನಗುತ್ತ, ಪಕ್ಕದ ಮನೆಯ ಗೋಡೆಯನ್ನು ನೋಡುತ್ತ, "ಸಾಕು ಸಾಕು, ಈ ಮಾತು ಹೊಸಿಲು ದಾಟಬಾರದು, ನೋಡಿ" ಎಂದಳು. ದಾಟಬಾರದು ಎಂದು ನಾಲ್ವರೂ ಒಪ್ಪಿದರು. ನಗುತ್ತಲೇ ಒಪ್ಪಿದ್ದರಿಂದಲೋ ಏನೋ, ಆ ಒಪ್ಪಂದಕ್ಕೆ ಗಟ್ಟಿತನ ಇರಲಿಲ್ಲ.

ಮೇಸ್ತ್ರಿ ಮರುದಿನವೇ ಅದನ್ನು ಡಾಕ್ಟರಿಗೆ ಹೇಳಿದ. ಹೇಳದೆ ಇರುವುದು ಹೇಗೆ? ಇಡೀ ಜೀವಮಾನದಲ್ಲಿ ಮನುಷ್ಯನಿಗೆ ಹೊಳೆಯುವ ಒಳ್ಳೆಯ ಜೋಕು ಒಂದೋ ಎರಡೋ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಯುವುದಕ್ಕಾಗುತ್ತದೆಯೇ? ಆದರೆ ಹೇಳುವಾಗ ಒಂದು ಜಾಣತನ ಮಾಡಿದ. "ನಮ್ಮ ಭಾವಮೈದ ಒಂದು ಮಾತು ಹೇಳ್ದ ಡಾಕ್ಟ್ರೇ" ಎಂದು ಶುರುಮಾಡಿದ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ ಎಂಬಂತೆ ಹೇಳಿ ಮುಗಿಸಿದ. ಡಾಕ್ಟರು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಟ್ರೇಯ ಮೇಲಿಟ್ಟು, ಗೋಡೆಗೆ ಕೈಕೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಸ್ತ್ರಿ ಆ ದಿನವೆಲ್ಲ ಒಳಗೊಳಗೇ ಉಬ್ಬಿಕೊಂಡು ಕೆಲಸ ಮಾಡಿದ.

ಒಂದು ತಿಂಗಳೂ ಆಗಿರಲಿಲ್ಲ, ಮೀಟರ್ ಮಾಮನನ್ನು ಯಾವುದೋ ಬೀದಿಯಲ್ಲಿ ಮೀಟರ್ ನೋಡುತ್ತಿದ್ದಾಗಲೇ ಹಿರಿಯರ ಕಡೆಯವರು ಕರೆದುಕೊಂಡು ಹೋದರು. ತರಬೇತಿ ಎಂದರು. ಆ ದಿನಗಳಲ್ಲಿ ಇದೊಂದು ಮಾತು ಚಲಾವಣೆಯಲ್ಲಿತ್ತು. ಯಾರನ್ನಾದರೂ ಕರೆದುಕೊಂಡು ಹೋದರೆ ತರಬೇತಿಗೆ ಹೋಗಿದ್ದಾರೆ ಎನ್ನಬೇಕು. ಎಲ್ಲಿ, ಎಷ್ಟು ದಿನ, ಏನನ್ನು ಕಲಿಸುತ್ತಾರೆ ಎಂದು ಕೇಳಬಾರದು. ಮೇಸ್ತ್ರಿಯ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಮ್ಮನ ಜೊತೆ ಕೆಲಸ ಮಾಡುವವನೊಬ್ಬ ಅಲ್ಲಿಗೆ ತಲೆನೋವಿನ ಮಾತ್ರೆಗೆಂದು ಬಂದವನು ಚಿಲ್ಲರೆ ಎಣಿಸುವ ನೆಪದಲ್ಲಿ ಮುಖ ಮುಂದೆ ತಂದು, "ಯಾವುದೋ ಹಲ್ಲಿನ ಜೋಕಂತೆ ಅಕ್ಕಾ, ಯಾರೋ ಹೋಗಿ ಹೇಳಿದಾರೆ" ಎಂದಷ್ಟೇ ಹೇಳಿ ಹೊರಟುಹೋದ.

ಅವಳು ಆ ಮಾತನ್ನು ಮನೆಗೆ ತಂದು ಗಂಡನಿಗೂ ಮಗಳಿಗೂ ಹೇಳಿದಳು. ಮೂವರೂ ನಿಂತಲ್ಲೇ ನಿಂತರು. ಯಾರು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದರೆ, ಮೂರು ಮುಖದಲ್ಲೂ ಒಂದೇ ಬಣ್ಣ ಇಳಿದದ್ದು ಅವತ್ತೇ ಗೊತ್ತಾಗುತ್ತಿತ್ತು.

ಅಡುಗೆಮನೆಯ ಗೋಡೆಯಾಚೆ ಇನ್ನೊಬ್ಬರ ಅಡುಗೆಮನೆ. ಅವರ ಮನೆಯ ಚಮಚ ಬಿದ್ದರೆ ಇವರು ಬಗ್ಗಿ ನೋಡುವಷ್ಟು ತೆಳ್ಳನೆಯ ಗೋಡೆ. ಹಾಗಾಗಿ ಮೊದಲಿನಿಂದಲೂ ಈ ಮನೆಯಲ್ಲಿ ಒಂದು ಸಂಕೇತವಿತ್ತು. ಮಾತು ಹೋಗಬಾರದ ಕಡೆ ಹೋದರೆ ಹೆಂಡತಿ, "ರೀ, ಹಾಲು ಉಕ್ತಿದೆ" ಎನ್ನುತ್ತಿದ್ದಳು. ಮೊದಮೊದಲು ಅದೊಂದು ತಮಾಷೆ. ತಮ್ಮ ಹೋದ ಮೇಲೆ ತಮಾಷೆ ಹೋಯಿತು, ಹಾಲು ಮಾತ್ರ ಉಳಿಯಿತು. ಮೇಸ್ತ್ರಿ "ಇವತ್ತು ಯಾಕೋ ಮನಸ್ಸಿಗೆ..." ಎಂದು ಬಾಯಿ ತೆರೆದರೆ ಅವಳು "ಹಾಲು" ಎನ್ನುತ್ತಿದ್ದಳು. ಅವಳು "ಅವನಿಗೆ ಅಲ್ಲಿ ಊಟ ಗೀಟ..." ಎಂದರೆ ಇವನು "ಹಾಲು" ಎನ್ನುತ್ತಿದ್ದ. ಮಗಳು ತಟ್ಟೆಯ ಮುಂದೆ ಕೂತು "ಅಮ್ಮಾ, ನಾನೊಂದು ವಿಷಯ..." ಎಂದ ದಿನ ಇಬ್ಬರೂ ಒಟ್ಟಿಗೇ ಹಾಲು ಎಂದರು.

ಒಂದು ಸಂಜೆ ನಿಜವಾಗಿಯೂ ಹಾಲು ಉಕ್ಕಿತು. ಒಲೆಯ ಹತ್ತಿರವೇ ಇದ್ದ ಮಗಳು, "ಅಪ್ಪಾ, ಹಾಲು ಉಕ್ತಿದೆ!" ಎಂದು ಕೂಗಿದಳು. ಸೌದೆಯಂತೆ ಬಿಮ್ಮನೆ ಕೂತುಬಿಟ್ಟರು ಗಂಡ ಹೆಂಡತಿ. ತಾನು ಏನು ತಪ್ಪು ಮಾತಾಡಿದೆ ಎಂದು ಮೇಸ್ತ್ರಿ ಹಿಂದಿನ ಮಾತುಗಳನ್ನೆಲ್ಲ ತಡಕಿದ. ಅವನು ಆಡಿದ್ದು ಕರೆಂಟು ಹೋಗುವ ವಿಷಯ. ಕರೆಂಟಿನ ವಿಷಯವೂ ಸೇರಿತೇ? ಮಗಳೂ ಕೂಗಿದವಳು ತಾನೇ ಹೆದರಿ ಬೆಪ್ಪಾಗಿ ನಿಂತಳು. ಸೀದ ವಾಸನೆ ಮನೆ ತುಂಬುವವರೆಗೆ ಯಾರೂ ಅಲುಗಾಡಲಿಲ್ಲ. ಆಮೇಲೆ ಹೆಂಡತಿ ಎದ್ದು ಹೋಗಿ ಒಲೆ ಆರಿಸಿದಳು, ತಳ ಹತ್ತಿದ ಪಾತ್ರೆಗೆ ನೀರು ಹಾಕಿದಳು. ನಗಬಹುದಾದ ವಿಷಯ, ಮೂವರಲ್ಲಿ ಒಬ್ಬರಿಗೂ ನಗು ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮೇಸ್ತ್ರಿಯ ತಲೆಯೊಳಗೆ ಆಗುತ್ತಿತ್ತು. ಮೊದಲು ಅವನಿಗೆ ಕೆಲಸದಿಂದ ಮನೆಗೆ ಬರುವ ಬಸ್ಸಿನ ಹೊತ್ತು ತನ್ನದೇ ಹೊತ್ತಾಗಿತ್ತು. ಕಿಟಕಿಗೆ ತಲೆ ಆನಿಸಿ ತನ್ನ ಬಗ್ಗೆ ತಾನು ಯೋಚಿಸುತ್ತಿದ್ದ. ಬೆಳಿಗ್ಗೆ ಮಗಳ ಮೇಲೆ ರೇಗಬಾರದಿತ್ತು, ಹೆಂಡತಿಗೆ ಬೆನ್ನು ನೋವು ಅಂದಾಗ ಕೇಳಿಯೂ ಕೇಳದಂತೆ ಇದ್ದೆ, ತಾನು ಒಳ್ಳೆಯವನೋ ಸುಮ್ಮನೆ ಮೆತ್ತಗಿನವನೋ, ಇಂಥ ಮಾತುಗಳು. ಈಗ ಕೂತ ಕೂಡಲೇ ಒಳಗೆ ವಿಚಾರಣೆ ಶುರುವಾಗುತ್ತಿತ್ತು. ಹೇಳಿದ್ದು ನೀನೇ. ಭಾವಮೈದನ ಹೆಸರಿಗೆ ಹಚ್ಚಿದ್ದೂ ನೀನೇ. ಡಾಕ್ಟರು ಯಾರಿಗೆ ಹೇಳಿದರು? ಅವರು ಹೇಳದಿದ್ದರೆ ಪರದೆಯಾಚೆ ಕೂತಿದ್ದ ರೋಗಿ ಕೇಳಿಸಿಕೊಂಡನೇ? ಇಷ್ಟಾಗುವಷ್ಟರಲ್ಲಿ ಇನ್ನೊಂದು ಧ್ವನಿ ಹೇಳುತ್ತಿತ್ತು: ಇದನ್ನೆಲ್ಲ ಯೋಚಿಸಬೇಡ, ಮುಖದಲ್ಲಿ ಕಾಣುತ್ತದೆ, ಎದುರಿನ ಸೀಟಿನವನು ನೋಡುತ್ತಿದ್ದಾನೆ. ಅಂದರೆ ಮನಸ್ಸಿನೊಳಗೂ ಹಾಲು ಉಕ್ಕತೊಡಗಿತ್ತು. ತಪ್ಪು ಮಾಡಿದ ಮನುಷ್ಯನಿಗೆ ಕೂತು ಪಶ್ಚಾತ್ತಾಪ ಪಡುವಷ್ಟು ಜಾಗವಾದರೂ ಬೇಡವೇ? ಅದೂ ಇಲ್ಲದಂತೆ ಮಾಡಿದ್ದರು, ಹಾಳಾಗಿಹೋಗಲಿ.

ಡಾಕ್ಟರನ್ನು ಕೇಳೋಣವೆಂದರೆ ಬಾಯಿ ಬರಲಿಲ್ಲ. ಅವರು ಹೇಳಿರದಿದ್ದರೆ ತನ್ನ ಅನ್ನದಾತನ ಮೇಲೆ ಸಂಶಯಪಟ್ಟಂತೆ. ಹೇಳಿದ್ದರೆ, ಹೇಳುವಂಥ ಮನುಷ್ಯನನ್ನು ಕೇಳಿದಂತೆ. ಡಾಕ್ಟರೂ ಭಾವಮೈದನ ಸುದ್ದಿ ಎತ್ತಲಿಲ್ಲ. ಮಾತು ಅಚ್ಚು, ಅಳತೆ, ಪಾಲಿಷಿಗೆ ನಿಂತಿತು.

ಹೀಗಿರುವಾಗ ಮಗಳ ಬಾಯಿ ಕಟ್ಟಿಕೊಂಡಿತು.

ಮಾತಿನ ಮಲ್ಲಿ ಅವಳು. ಹಿಂದೆಲ್ಲ ಕಾಲೇಜಿನಿಂದ ಬಂದರೆ ಚಪ್ಪಲಿ ಬಿಡುವ ಮೊದಲೇ ವರದಿ ಶುರುವಾಗುತ್ತಿತ್ತು. ಮಾಮ ಹೋದ ಮೇಲೆ ಮಾತು ಕಡಿಮೆಯಾಗುತ್ತ ಬಂದು ಹೂಂ ಊಹೂಂಗೆ ಇಳಿದಿತ್ತು. ಒಂದು ಬೆಳಿಗ್ಗೆ ಬ್ರೆಡ್ಡಿನ ಚೂರನ್ನು ಬಾಯಿಗೆ ತಂದವಳು ಹಾಗೇ ಕೆಳಗಿಟ್ಟಳು. ಕಣ್ಣಲ್ಲಿ ನೀರು ತುಂಬಿತ್ತು. ದವಡೆ ತೆರೆಯುತ್ತಿಲ್ಲ ಎಂದು ಕೈಸನ್ನೆಯಲ್ಲಿ ತೋರಿಸಿದಳು. ಸಾಮಾನ್ಯ ಮನುಷ್ಯನ ಬಾಯಿ ಮೂರು ಬೆರಳು ಜೋಡಿಸಿ ಇಟ್ಟಷ್ಟು ತೆರೆಯಬೇಕು. ಮೇಸ್ತ್ರಿ ಬೆರಳಿಟ್ಟು ನೋಡಿದ. ಅವನ ಒಂದು ಬೆರಳು ಕಷ್ಟಪಟ್ಟು ಹೋಯಿತು. ಮಿಕ್ಕವರ ಬಾಯಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದವನಿಗೆ ತನ್ನ ಮನೆಯ ಬಾಯಿ ಕಾಣದೆ ಹೋಗಿತ್ತು.

ಡಾಕ್ಟರು ಕೆನ್ನೆ ಒತ್ತಿ ನೋಡಿದರು. "ನಿದ್ದೇಲಿ ಬಿಗಿಹಿಡೀತಿದಾಳೆ. ಎಷ್ಟೋ ದಿನದಿಂದ ನಡೆದಿರಬೇಕು. ಏನಾದ್ರೂ ಮನಸ್ಸಿಗೆ ಹಚ್ಕೊಂಡಿದಾಳಾ?"

"ಪರೀಕ್ಷೆ ಹತ್ರ ಬಂತಲ್ಲ ಡಾಕ್ಟ್ರೇ" ಎಂದಳು ಹೆಂಡತಿ, ಕೇಳಿ ಮುಗಿಸುವ ಮೊದಲೇ.

"ಹೌದೌದು, ಪರೀಕ್ಷೆ" ಎಂದರು ಡಾಕ್ಟರು. ಪರೀಕ್ಷೆಗೆ ಇನ್ನೂ ಅರ್ಧ ವರ್ಷ ಇತ್ತು. ಬಿಸಿ ಶಾಖ ಕೊಡಬೇಕು, ಮೆತ್ತನೆಯದು ತಿನ್ನಿಸಬೇಕು, ಬಾಯಿ ಸ್ವಲ್ಪ ಬಿಟ್ಟ ಮೇಲೆ ಅಳತೆ ತೆಗೆದು ಗಾರ್ಡು ಮಾಡಬೇಕು, ಆದರೆ ಒಳಗಿನದು ಹೊರಗೆ ಬರದೆ ಗಾರ್ಡೊಂದರಿಂದ ಪೂರ್ತಿ ವಾಸಿಯಾಗದು ಎಂದರು. ಇದೇ ಸ್ಥಿತಿ ಮುಂದುವರಿದರೆ ಕೀಲು ಹಾಗೇ ಜಡ್ಡುಗಟ್ಟಬಹುದು ಎಂದೂ ಹೇಳಿದರು. ಮೇಸ್ತ್ರಿಗೆ ಬೇರೇನೂ ಬೇಡವಾಯಿತು. ಮೀಟರ್ ಮಾಮನನ್ನು ತಂದುಕೊಡುವುದು ತನ್ನ ಕೈಯಲ್ಲಿಲ್ಲ. ಈ ಒಂದು ಬಾಯಿಯನ್ನಾದರೂ ಬಿಡಿಸಬೇಕು.

ಶಾಖ ಕೊಟ್ಟು ಕೊಟ್ಟು ಬಾಯಿ ಎರಡು ಬೆರಳಿಗೆ ಬಂದಾಗ ಡಾಕ್ಟರು ಮಕ್ಕಳ ಅಳತೆಯ ಪುಟ್ಟ ಟ್ರೇ ಇಟ್ಟು ಅಳತೆ ತೆಗೆದರು. ಮೇಸ್ತ್ರಿ ಅಚ್ಚು ಎರೆದು ಕೈಯಲ್ಲಿ ಹಿಡಿದು ನೋಡಿದ. ಹಾಲುಹಲ್ಲು ಬಿದ್ದಾಗ ಅವಳು ಕುಣಿದಾಡಿದ್ದು ನೆನಪಿತ್ತು. ಆ ಜಾಗದಲ್ಲಿ ಬಂದ ಹಲ್ಲಿನ ಅಂಚು ಈಗ ಅರ ಹಾಕಿ ತಿಕ್ಕಿದಂತೆ ನುಣ್ಣಗಾಗಿತ್ತು. ಅದೊಂದು ಗಾರ್ಡನ್ನು ಅವನು ಮಾಡಿದಷ್ಟು ಜೋಪಾನವಾಗಿ ಬೇರೆ ಯಾವುದನ್ನೂ ಮಾಡಿರಲಿಲ್ಲ.

ಗಾರ್ಡು ಹಾಕಿ ನೋಡುವ ದಿನ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೊರಟಾಗ ಹೆಂಡತಿ ಬಾಗಿಲವರೆಗೆ ಬಂದಳು. "ನೀವೇ ಕೇಳಿ ಅವಳನ್ನ. ನನ್ನ ಹತ್ರ ಹೇಳಲ್ಲ ಅವಳು" ಎಂದಳು. ಹೇಳುವಾಗ ಅವಳ ಕಣ್ಣು ಗಂಡನ ಅಂಗಿಯ ಗುಂಡಿಯ ಮೇಲಿತ್ತು.

ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಮಗಳನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದ. ಗಾರ್ಡು ಹಾಕಿದ. ನೀಲಿ ಕಾಗದದ ಪಟ್ಟಿ ಇಟ್ಟು ಕಚ್ಚು ಎಂದ. ಎಲ್ಲಿ ಬಣ್ಣ ಗಾಢವಾಗಿ ಮೂಡಿತೋ ಅಲ್ಲಿ ಸ್ವಲ್ಪ ಉಜ್ಜಿ ಮತ್ತೆ ಬಾಯಿಗೆ ಹಾಕಿದ. ಆಮೇಲೆ ಪಾಲಿಷ್ ಮೋಟಾರು ಹಾಕಿದ. ಉಜ್ಜುವುದು ಇನ್ನೇನೂ ಇರಲಿಲ್ಲ. ಅದರ ಗಲಾಟೆಯಲ್ಲಿ ಪಕ್ಕದಲ್ಲಿರುವವರ ಮಾತು ಪಕ್ಕದಲ್ಲಿರುವವರಿಗಷ್ಟೇ ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಮರಿ, ಈಗ ಹೇಳು. ಇಲ್ಲಿ ಯಾರಿಗೂ ಕೇಳಲ್ಲ."

ಅವಳು ಮೋಟಾರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಬಾಯಲ್ಲಿ ಗಾರ್ಡು ಇದ್ದುದರಿಂದ ಮಾತು ತೊದಲುತ್ತಿತ್ತು, ಚಿಕ್ಕಂದಿನಲ್ಲಿ ತೊದಲಿದ ಹಾಗೆಯೇ.

"ಮಾಮನ್ನ ಹಿಡ್ಕೊಟ್ಟಿದ್ದು ನಾನೇ ಅಪ್ಪ."

"ಏನು?"

"ಆ ಜೋಕು. ನಾನು ಕಾಲೇಜಲ್ಲಿ ಹೇಳ್ದೆ. ನನ್ನ ಪಕ್ಕ ಕೂರ್ತಾಳಲ್ಲ, ಅವಳಿಗೆ. ನಮ್ಮ ಮಾಮ ಹೇಳಿದ್ದು ಅಂತ್ಲೂ ಹೇಳ್ದೆ. ಅವಳ ಅಪ್ಪ ಹಿರಿಯರ ಯಾವುದೋ ಆಫೀಸಲ್ಲಿ ಇರೋದು. ಅಮ್ಮ ಹೇಳಿದ್ರು, ಹೊಸಿಲು ದಾಟಬಾರದು ಅಂತ. ನಾನು... ನಗಿಸಬೇಕು ಅಂತ ಹೇಳಿಬಿಟ್ಟೆ ಅಪ್ಪ."

ಈಗ ಹೇಳುವುದನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಮೇಸ್ತ್ರಿಯ ಎದೆಯಿಂದ ಒಂದು ಉಸಿರು ಹೊರಟಿತು. ಹೆಗಲಿಂದ ಮೂಟೆ ಇಳಿಸಿದವನ ಉಸಿರು. ನಾನಲ್ಲ, ಎಂದಿತು ಅವನ ಮನಸ್ಸು. ಹಾಗಾದರೆ ನಾನಲ್ಲ. ಅವನ ಮುಖ ಸಡಿಲವಾಯಿತು, ತುಟಿ ನಗುವಿನ ಕಡೆ ಹೋಗಿಯೇಬಿಟ್ಟಿತು. ಮರುಕ್ಷಣದಲ್ಲೇ ತಾನು ಯಾರ ಮುಂದೆ ಯಾವುದಕ್ಕೆ ನಗುತ್ತಿದ್ದೇನೆ ಎಂದು ಗೊತ್ತಾಗಿ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಮಗಳು ಆ ನಗುವನ್ನು ನೋಡಿದ್ದಳು. ಅಪ್ಪ ತನ್ನನ್ನು ಕ್ಷಮಿಸಿಬಿಟ್ಟ ಎಂದುಕೊಂಡು ಅವಳು ಅಳತೊಡಗಿದಳು.

"ಇಲ್ಲ, ಇಲ್ಲ ಮರಿ. ಕೇಳಿಲ್ಲಿ. ನಾನೂ ಹೇಳಿದೀನಿ. ನಿನಗಿಂತ ಮೊದಲು ಹೇಳಿದೀನಿ. ಮಾರನೇ ದಿನಾನೇ ಡಾಕ್ಟ್ರಿಗೆ ಹೇಳ್ದೆ. ಉತ್ತರ ಹೇಳಿದ್ದು ನಾನು, ಅದನ್ನ ನಿನ್ನ ಮಾಮನ ತಲೆಗೆ ಕಟ್ಟಿದ್ದೂ ನಾನು. ಆಗಿದ್ರೆ ನನ್ನಿಂದ ಆಗಿರತ್ತೆ, ನಿನ್ನಿಂದ ಅಲ್ಲ."

ಅವಳು ಅಳು ನಿಲ್ಲಿಸಿ ಅವನನ್ನು ನೋಡಿದಳು. ಚಿಕ್ಕ ಮಕ್ಕಳ ಬೊಂಬೆ ಮುರಿದಾಗ ದೊಡ್ಡವರು ನಾನೇ ಮುರಿದೆ ಎಂದರೆ ಮಕ್ಕಳು ನೋಡುತ್ತಾರಲ್ಲ, ಹಾಗೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡಪ್ಪ."

"ಸಮಾಧಾನಕ್ಕಲ್ಲ ಕಣೇ! ನಿಜವಾಗ್ಲೂ."

"ಮಾಮ ಹೋದಾಗ್ಲೂ ನೀನು ನಿಜವಾಗ್ಲೂ ಅಂತಾನೇ ಹೇಳಿದ್ದೆ. ತರಬೇತಿಗೆ ಹೋಗಿದಾನೆ ಮರಿ, ನಿಜವಾಗ್ಲೂ, ಬೇಗ ಬರ್ತಾನೆ ಅಂತ. ಅಮ್ಮ ಬಾತ್‌ರೂಮಲ್ಲಿ ಅತ್ತು ಬಂದು ಈರುಳ್ಳಿ ಹೆಚ್ತಿದ್ದೆ ಅಂದ್ರು. ನಮ್ಮನೇಲಿ ಯಾರು ಯಾವತ್ತು ನಿಜ ಹೇಳಿದಾರೆ, ಈಗ ಹೇಳೋಕೆ?"

ಮಗಳಿಗೆ ಸುಳ್ಳು ಹೇಳಿದಾಗೆಲ್ಲ ಅವಳು ನಂಬಿದಂತೆ ಇದ್ದಳು. ಇಷ್ಟು ದಿನದಲ್ಲಿ ಇದೊಂದೇ ಒಂದು ನಿಜ ಹೇಳಿದರೆ ಅದು ಸುಳ್ಳಿನ ಸಾಲಿಗೆ ಹೋಗಿ ನಿಂತಿತು. ಸಾಕ್ಷಿ ಬೇಕು. ಸಾಕ್ಷಿ ಪಕ್ಕದ ಕೋಣೆಯಲ್ಲೇ ಬಿಳಿ ಕೋಟು ಹಾಕಿಕೊಂಡು ಕೂತಿದೆ. ಇಷ್ಟು ತಿಂಗಳು ಹೆದರಿ ಹೆದರಿ ನುಂಗಿಕೊಂಡಿದ್ದ ಮನುಷ್ಯ, ಮೋಟಾರು ಆರಿಸಿ ಮಗಳ ಕೈ ಹಿಡಿದು ಎಬ್ಬಿಸಿದ. ಆಗಿದ್ದಾಗಲಿ ಎಂದುಕೊಂಡ. ಅವನ ಜೀವಮಾನದಲ್ಲಿ ಅಂಥ ಧೈರ್ಯ ಅವನಿಗೆ ಎರಡನೇ ಸಲ ಬರುವುದಿಲ್ಲ.

ಡಾಕ್ಟರ ಕೋಣೆಯಲ್ಲಿ ರೋಗಿಗಳಿರಲಿಲ್ಲ. ನರ್ಸಮ್ಮ ಒಂದು ಮೂಲೆಯಲ್ಲಿ ಸಾಮಾನು ತೊಳೆಯುತ್ತಿದ್ದಳು. ಗೋಡೆಯ ಮೇಲೆ ಹಿರಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಡಾಕ್ಟ್ರೇ, ಒಂದು ಮಾತು. ಹೌದು ಅಂತ ಅಂದ್ರೆ ಸಾಕು. ಹೋದ ವರ್ಷ ನಾನು ನಿಮಗೊಂದು ಜೋಕು ಹೇಳಿದ್ದೆ. ಪಟದಲ್ಲಿ ಅವರು ಯಾಕೆ..."

ನರ್ಸಮ್ಮನ ಕೈಯಲ್ಲಿದ್ದ ಚಿಮಟ ಸಿಂಕಿನೊಳಗೆ ಬಿತ್ತು.

"ಯಾವ ಜೋಕು?" ಎಂದರು ಡಾಕ್ಟರು.

"ಹಲ್ಲಿಂದು ಡಾಕ್ಟ್ರೇ. ನೀವು ಕನ್ನಡಿ ಕೆಳಗಿಟ್ಟು, ಗೋಡೆ ಹಿಡ್ಕೊಂಡು ನಕ್ರಿ. ನೆನಪು ಮಾಡ್ಕೊಳ್ಳಿ. ನನ್ನ ಮಗಳಿಗಾಗಿ ಕೇಳ್ತಿದೀನಿ, ಬೇರೆ ಯಾವುದಕ್ಕೂ ಅಲ್ಲ."

ಡಾಕ್ಟರ ಮುಖ ಸುಣ್ಣದಂತಾಯಿತು. ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಸ್ನಾಯುವೊಂದು ಗಂಟಿನಂತೆ ಎದ್ದು ಕೂತಿತು. ಅದು ತಪ್ಪಿತಸ್ಥನ ದವಡೆಯೋ ಹೆದರಿದವನ ದವಡೆಯೋ ಎಂದು ಊರಿನ ಹಲ್ಲುಗಳನ್ನೆಲ್ಲ ಕಂಡಿದ್ದ ಮೇಸ್ತ್ರಿಗೂ ಹೇಳಲಾಗಲಿಲ್ಲ. ಡಾಕ್ಟರು ನರ್ಸಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

"ಮೇಸ್ತ್ರಿ, ನೀವು ನನಗೆ ಯಾವತ್ತೂ, ಯಾವ ಜೋಕೂ ಹೇಳಿಲ್ಲ. ನಾನು ಕೇಳೂ ಇಲ್ಲ."

ಆಮೇಲೆ ಮಗಳ ಕಡೆ ತಿರುಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಧ್ವನಿ ಮೆತ್ತಗಾಗಿತ್ತು, ಅದರಲ್ಲಿ ನಿಜವಾದ ಕನಿಕರವೇ ಇತ್ತು. "ಅಪ್ಪನಿಗೆ ನಿನ್ನದೇ ಯೋಚನೆಯಾಗಿ ಏನೇನೋ ಮಾತಾಡ್ತಿದಾರಮ್ಮ. ನೀನು ಮಾತ್ರ ಮನಸ್ಸಲ್ಲಿ ಏನೂ ಇಟ್ಕೋಬೇಡ. ಏನಿದ್ರೂ ಬಾಯಿಬಿಟ್ಟು ಹೇಳಿಬಿಡ್ಬೇಕು. ಈ ಕಾಯಿಲೆಗೆ ಅದೇ ಔಷಧಿ."

ಮಗಳು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಗಾರ್ಡು ತೆಗೆದು ತೊಳೆದು ಡಬ್ಬಿಯಲ್ಲಿಟ್ಟುಕೊಂಡಳು. ಮೇಸ್ತ್ರಿ ಮತ್ತೆ ಏನೋ ಹೇಳಲು ಹೋದ. ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಸಾಕು ಬಿಡಪ್ಪ. ನನಗೋಸ್ಕರ ಡಾಕ್ಟ್ರ ಹತ್ರ ಹೋಗಿ ಇಷ್ಟು ದೊಡ್ಡ ಸುಳ್ಳು ಹೇಳೋಕೆ ಹೋದ್ಯಲ್ಲ. ಯಾರಾದ್ರೂ ಕೇಳಿಸ್ಕೊಂಡಿದ್ರೆ? ಇನ್ಮೇಲೆ ಹಾಗೆಲ್ಲ ಮಾಡ್ಬೇಡ. ಅಮ್ಮನಿಗೂ ಹೇಳಲ್ಲ ಅಂತ ಮಾತು ಕೊಡು. ತಮ್ಮನ್ನ ಮಗಳೇ ಹಿಡ್ಕೊಟ್ಟಳು ಅಂತ ಗೊತ್ತಾದ್ರೆ ಅಮ್ಮ ಉಳಿಯಲ್ಲ."

"ಮರಿ, ಬಾಯಿ ಒಂಚೂರು ತೆಗಿ ನೋಡೋಣ" ಎಂದ ಮೇಸ್ತ್ರಿ, ಬೇರೇನು ಹೇಳುವುದೋ ತಿಳಿಯದೆ.

"ಇಷ್ಟು ತೆಗೆದ್ರೆ ಸಾಕಪ್ಪ ನನಗೆ. ಊಟಕ್ಕೆ ಸಾಕು."

ಅವನು ಮಾತು ಕೊಟ್ಟ. ಬಸ್ಸಿನಲ್ಲಿ ಅವಳು ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಳು. ಅವಳ ಕೆನ್ನೆಯ ಸ್ನಾಯು ಬಿಗಿಯುವುದು, ಬಿಡುವುದು, ಮತ್ತೆ ಬಿಗಿಯುವುದು ಅಂಗಿಯ ಮೇಲಿಂದಲೇ ಅವನಿಗೆ ತಿಳಿಯುತ್ತಿತ್ತು.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿದ್ದಳು. ಮಗಳು ನೇರವಾಗಿ ಒಳಕೋಣೆಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಹೆಂಡತಿ ತಗ್ಗಿದ ದನಿಯಲ್ಲಿ ಕೇಳಿದಳು, "ಏನಾದ್ರೂ ಹೇಳಿದ್ಲಾ?"

"ಇಲ್ಲ."

"ಏನೂ ಹೇಳಲಿಲ್ವಾ? ನನ್ನ ವಿಷಯ ಏನಾದ್ರೂ?"

"ನಿನ್ನ ವಿಷಯ ಏನಿರತ್ತೆ ಅವಳಿಗೆ ಹೇಳೋಕೆ?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವಳು ಒಲೆಯ ಕಡೆ ತಿರುಗಿದಳು. ಭುಜ ಇಳಿಯಿತು, ಎದೆಯಿಂದ ಒಂದು ಉಸಿರು ಹೊರಟಿತು. ಆ ಉಸಿರು ಯಾವುದೆಂದು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವಳೂ ಹೇಳಿದ್ದಾಳೆ. ಔಷಧಿ ಅಂಗಡಿಯಲ್ಲೋ, ಬಸ್ಸಿನಲ್ಲೋ, ಯಾರನ್ನೋ ನಗಿಸಬೇಕೆಂದು ಇವಳೂ ಹೇಳಿದ್ದಾಳೆ, ಮಗಳಿಗೆ ಅದು ಗೊತ್ತಾಗಿ ಬಾಯಿ ಕಟ್ಟಿಕೊಂಡಿದೆ ಎಂದು ಇಷ್ಟು ದಿನ ಸತ್ತು ಬದುಕಿದ್ದಾಳೆ. ಮೂವರು ಒಂದೇ ಜೋಕನ್ನು ಹೊತ್ತು ಒಂದೇ ಹೊಸಿಲನ್ನು ದಾಟಿ, ಮೂವರೂ ಒಬ್ಬೊಬ್ಬರೇ ಕೊಲೆಗಾರರಾಗಿ ಈ ಮೂರು ಕೋಣೆಯಲ್ಲಿ ಓಡಾಡಿಕೊಂಡಿದ್ದಾರೆ. ಈಗಲೇ ಮಗಳನ್ನು ಕರೆದು, ಮೂವರನ್ನೂ ಒಂದು ಕಡೆ ನಿಲ್ಲಿಸಿ, ಒಂದೇ ಒಂದು ಮಾತು ಆಡಿದರೆ ಸಾಕು. ತನ್ನೊಬ್ಬನ ಮಾತನ್ನು ಮಗಳು ನಂಬಲಿಲ್ಲ, ಇಬ್ಬರದಾದರೆ ನಂಬಿಯಾಳು. ಮಗಳಿಗೆ ಕೊಟ್ಟ ಮಾತು ಮುರಿದರೆ ಮುರಿಯಲಿ. ಮೇಸ್ತ್ರಿ ಅಡುಗೆಮನೆಯೊಳಗೆ ಒಂದು ಹೆಜ್ಜೆ ಇಟ್ಟ.

"ನೀನೂ..." ಎಂದ.

ಅವಳು ಸರಕ್ಕನೆ ತಿರುಗಿದಳು. ಜನರು ಬೀದಿಯಲ್ಲಿ ಹಿರಿಯರ ಕಡೆಯವರನ್ನು ಕಂಡರೆ ಹೆದರುತ್ತಾರಲ್ಲ, ಆ ಹೆದರಿಕೆ ಅವಳ ಮುಖದಲ್ಲಿತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳು ತನ್ನ ಗಂಡನನ್ನೇ ಹಾಗೆ ನೋಡುತ್ತಿದ್ದಳು.

"ನಾನೂ ಏನು?"

ಗೋಡೆಯಾಚೆ ಪಕ್ಕದ ಮನೆಯವರು ಯಾವುದೋ ಪಾತ್ರೆಯನ್ನು ಕೆಳಗಿಟ್ಟರು. ಮೇಸ್ತ್ರಿಯ ದವಡೆ ತಾನಾಗಿಯೇ ಕೂಡಿಕೊಂಡಿತು.

"ನೀನೂ ನಮ್ಮ ಜೊತೇನೇ ಊಟಕ್ಕೆ ಕೂತ್ಕೋ ಅಂದೆ" ಎಂದ.

"ಹೂಂ" ಎಂದಳು ಅವಳು. ಮೂರು ತಟ್ಟೆ ಹಾಕಿದಳು. ಮಗಳ ತಟ್ಟೆಯ ಪಕ್ಕ, ಬಾಯೊಳಗೆ ಹಿಡಿಸುವಂಥ ಚಿಕ್ಕ ಚಮಚ ಹುಡುಕಿ ಇಟ್ಟಳು.